ರಟ್ಟೆ ಸಡಿಲ, ಲಾಡಿ ಬಿಗಿ

ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚಿನ ಮೂರು ವಾರ ಬ್ಲೌಸ್ ಹೊಲಿಯುವವರನ್ನು ಯಾರೂ ಮಾತಾಡಿಸಬಾರದು. ಹನುಮಂತನಗರದಲ್ಲಿ ನನ್ನದೊಂದು ಚಿಕ್ಕ ಅಂಗಡಿ. ಎಂಟಡಿ ಅಗಲ, ಹತ್ತಡಿ ಉದ್ದ. 2019ರ ಜುಲೈನಲ್ಲಿ ಅದರೊಳಗೆ ಎರಡು ಮಿಷನ್ನು, ಒಂದು ಇಸ್ತ್ರಿ ಟೇಬಲ್ಲು, ತೊಂಬತ್ತು ಚಿಲ್ಲರೆ ಬ್ಲೌಸ್ ಪೀಸು, ಮಿಕ್ಕ ಜಾಗದಲ್ಲಿ ನಾನು. ರಾತ್ರಿ ಹನ್ನೊಂದರವರೆಗೆ ಮಿಷನ್ ತುಳಿಯುತ್ತಿದ್ದೆ. ಸುಸ್ತಾಗುತ್ತಿತ್ತು. ಆದರೆ ಆ ತಿಂಗಳು ಸುಸ್ತಾಗದ ಟೈಲರ್ ಯಾರಿದ್ದಾರೆ ಹೇಳಿ?

ಹಬ್ಬಕ್ಕೆ ನನಗೂ ಒಂದು ಬ್ಲೌಸ್ ಹೊಲಿದುಕೊಂಡೆ. ಹಳೇ ಅಳತೆಗೇ ಕತ್ತರಿಸಿದ್ದು. ಹಾಕಿ ನೋಡಿದರೆ ರಟ್ಟೆ ಹತ್ತಿರ ಜೋಲು, ಭುಜ ಜಾರುತ್ತಿದೆ. ಟೇಪು ಹಿಡಿದೆ. ತೋಳಿನ ಸುತ್ತಳತೆ ಒಂದು ಇಂಚು ಕಮ್ಮಿ. ಸಣ್ಣಗಾಗಿದ್ದೀನಿ ಅಂತ ಖುಷಿಯೇ ಆಯಿತು. ಆದರೆ ಲಂಗದ ಲಾಡಿ ಬಿಗಿ. ಕಟ್ಟಿದ ಮೇಲೆ ಒಂದು ಗೇಣು ನೇತಾಡುತ್ತಿದ್ದ ಲಾಡಿ ಈಗ ನಾಲ್ಕು ಬೆರಳಿನಷ್ಟು ಉಳಿಯುತ್ತಿತ್ತು. ಸೊಂಟ ಅಳೆದರೆ ಎರಡು ಇಂಚು ಜಾಸ್ತಿ.

ಇಪ್ಪತ್ತು ವರ್ಷದಿಂದ ಹೆಂಗಸರ ಅಳತೆ ಬರೆದುಕೊಳ್ಳುತ್ತಿದ್ದೀನಿ. ದಪ್ಪಗಾದರೆ ಎಲ್ಲ ಕಡೆ ಆಗುತ್ತಾರೆ, ಇಳಿದರೆ ಎಲ್ಲ ಕಡೆ ಇಳಿಯುತ್ತಾರೆ. ರಟ್ಟೆ ಇಳಿದು ಹೊಟ್ಟೆ ಮಾತ್ರ ಮುಂದೆ ಬರುವುದು ಬಸುರಿಯರಿಗೆ. ನನಗೆ ಆಗ 41. ಆಪರೇಷನ್ ಆಗಿ ಹನ್ನೆರಡು ವರ್ಷವಾಗಿತ್ತು.

ಊಟಕ್ಕೆ ಕೂತರೆ ಅರ್ಧ ಮುದ್ದೆಗೇ ಹೊಟ್ಟೆ ತುಂಬುತ್ತಿತ್ತು. ಎಡಗಡೆ ಪಕ್ಕೆಲುಬಿನ ಕೆಳಗೆ ಏನೋ ಭಾರ, ಎಡ ಮಗ್ಗುಲಿಗೆ ಮಲಗಿದರೆ ಒತ್ತಿದ ಹಾಗೆ. ರಾತ್ರಿ ಬೆವರು. ಸೆಕೆಯ ಬೆವರಲ್ಲ, ಎದ್ದು ನೈಟಿ ಬದಲಾಯಿಸಬೇಕು ಅಷ್ಟು. "ಮುಟ್ಟು ನಿಲ್ಲೋ ವಯಸ್ಸು ಕಣಮ್ಮ, ಹಂಗೇ ಆಗೋದು" ಅಂದರು ನಮ್ಮತ್ತೆ. ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋದೆ. ಗ್ಯಾಸ್ ಅಂದರು. ಎರಡು ತಿಂಗಳು ಬೆಳಿಗ್ಗೆ ಖಾಲಿ ಹೊಟ್ಟೆಗೆ ಗ್ಯಾಸಿನ ಮಾತ್ರೆ ನುಂಗಿದೆ. ಆ ಎರಡು ತಿಂಗಳಲ್ಲಿ ನಾಲ್ಕು ಸಲ ಹೋಗಿದ್ದೀನಿ, ಒಂದು ಸಲವೂ ಮಲಗಿಸಿ ಹೊಟ್ಟೆ ಮುಟ್ಟಿ ನೋಡಲಿಲ್ಲ. ಮುಟ್ಟಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಈ ಸಾಲನ್ನು ಸಿಟ್ಟಿನಿಂದಲೇ ಬರೆಯುತ್ತಿದ್ದೀನಿ, ಇರಲಿ ಬಿಡಿ.

ಮುಟ್ಟಿದ್ದು ನನ್ನ ಒಬ್ಬ ಗಿರಾಕಿ. ನರ್ಸ್ ಆಗಿದ್ದು ರಿಟೈರ್ ಆದವರು. ಬ್ಲೌಸ್ ಟ್ರಯಲ್ ನೋಡೋಕೆ ಬಂದವರು ನನ್ನ ಮುಖ ನೋಡಿ, "ಏನೇ ಇದು, ಇಷ್ಟು ಬಿಳಿಚಿಕೊಂಡಿದೀಯ" ಅಂದರು. ಲಾಡಿ ವಿಷಯ ಹೇಳಿದೆ. ನಗಲಿಲ್ಲ. ಅಂಗಡಿ ಷಟರ್ ಅರ್ಧ ಎಳೆಸಿ, ಇಸ್ತ್ರಿ ಟೇಬಲ್ ಮೇಲೆ ಮಲಗಿಸಿ, ಮಂಡಿ ಮಡಚಿಸಿ, ಉಸಿರು ಎಳಕೋ ಅಂತ ಎಡಗಡೆ ಬೆರಳಿಟ್ಟು ಒತ್ತಿದರು. "ಇದು ಗ್ಯಾಸ್ ಅಲ್ಲ ಕಣೇ. ನಾಳೆ ಬೆಳಿಗ್ಗೆ ರಕ್ತ ಕೊಡು. ಸಿಬಿಸಿ ಅಂತ ಕೇಳು, ರಕ್ತಕಣ ಎಣಿಸೋ ಪರೀಕ್ಷೆ."

ಬೆಳಿಗ್ಗೆ ಕೊಟ್ಟೆ. ಮಧ್ಯಾಹ್ನ ಲ್ಯಾಬಿನ ಹುಡುಗ ಫೋನ್ ಮಾಡಿದ. "ಮೇಡಂ, ಇನ್ನೊಂದು ಸಲ ರಕ್ತ ಕೊಡಬೇಕಾಗುತ್ತೆ. ಮಿಷನ್ ಏನೋ ತಪ್ಪು ತೋರಿಸ್ತಿದೆ ಅನ್ಸುತ್ತೆ." ಹೋದೆ. ಎರಡನೇ ಸಲವೂ ಮಿಷನ್ ಅದನ್ನೇ ಹೇಳಿತು. ಏನು ತಪ್ಪು ಅಂತ ಕೇಳಿದ್ದಕ್ಕೆ ಆ ಹುಡುಗ, ಪಾಪ, ಹೇಗೆ ಹೇಳಬೇಕೋ ಗೊತ್ತಾಗದೆ ಸ್ಟ್ಯಾಂಡಿನಲ್ಲಿ ನಿಂತಿದ್ದ ಬೆಳಗಿನ ಟ್ಯೂಬು ಎತ್ತಿ ತೋರಿಸಿದ. ಪಕ್ಕದಲ್ಲಿ ಇನ್ಯಾರದೋ ಟ್ಯೂಬು. ಅವರದರಲ್ಲಿ ಕೆಳಗೆ ಕೆಂಪು, ಮೇಲೆ ತಿಳಿ ಹಳದಿ ನೀರು, ಮಧ್ಯೆ ದಾರದ ಎಳೆಯಷ್ಟು ಬಿಳಿ ಗೆರೆ. ನನ್ನದರಲ್ಲಿ ಆ ಗೆರೆಯ ಜಾಗದಲ್ಲಿ ಕಾಲಿಂಚು ದಪ್ಪ, ಹಾಲಿನ ಕೆನೆ ಕಟ್ಟಿದ ಹಾಗೆ. ನನ್ನ ಕಾಯಿಲೆಯ ಹೆಸರು ಲ್ಯುಕೇಮಿಯಾ, ಆ ಪದದ ಅರ್ಥವೇ ಬಿಳಿ ರಕ್ತ ಅಂತೆ. ಸುಮಾರು 1847ರಲ್ಲಿ ವಿರ್ಕೋ ಅನ್ನುವ ಜರ್ಮನ್ ಡಾಕ್ಟರ್ ಇಟ್ಟ ಹೆಸರು. ಅದನ್ನು ಆಮೇಲೆ ಓದಿದೆ. ಅವತ್ತು ಕಂಡಿದ್ದು ಕೆನೆ ಅಷ್ಟೇ.

ರಿಪೋರ್ಟಿನಲ್ಲಿ ಬಿಳಿ ರಕ್ತಕಣ 1,86,000. ಪಕ್ಕದ ಕಾಲಂನಲ್ಲಿ ಇರಬೇಕಾದ ಲೆಕ್ಕ, 4,000ದಿಂದ 11,000. ಹಿಮೋಗ್ಲೋಬಿನ್ 9.2. ಕೆಳಗೆ ಸಣ್ಣಕ್ಷರದಲ್ಲಿ ಇಂಗ್ಲಿಷಿನಲ್ಲಿ ನಾಲ್ಕು ಸಾಲು, ಅದರಲ್ಲಿ ನನಗೆ ಓದೋಕಾಗಿದ್ದು ಲ್ಯುಕೇಮಿಯಾ ಒಂದೇ. ಪಿಯುಸಿ ಓದುತ್ತಿದ್ದ ಮಗಳು ಫೋನಿನಲ್ಲಿ ಹುಡುಕಿದಳು, ನೋಡಿದಳು, ಫೋನ್ ಮಗುಚಿ ಇಟ್ಟಳು. "ಬ್ಲಡ್ ಕ್ಯಾನ್ಸರ್ ಅಂತೆ ಅಮ್ಮ."

ನಮ್ಮ ಕಾಲದವರಿಗೆ ಬ್ಲಡ್ ಕ್ಯಾನ್ಸರ್ ಗೊತ್ತಿರೋದು ಸಿನಿಮಾದಿಂದ. ಹೀರೋ ಕೆಮ್ಮುತ್ತಾನೆ, ಕರ್ಚೀಫಿನಲ್ಲಿ ರಕ್ತ, ಒಂದು ದುಃಖದ ಹಾಡು, ಕೊನೇ ರೀಲಿನಲ್ಲಿ ಮುಗಿಯಿತು. ಎರಡು ದಿನ ನಾನು ಅದೇ ಸಿನಿಮಾ ನೋಡುತ್ತಾ ಕೂತಿದ್ದೆ. ಮನೆಯವರು ಸ್ಕೂಲ್ ವ್ಯಾನ್ ಓಡಿಸುತ್ತಾರೆ, ಅವರು ಟ್ರಿಪ್ ಮುಗಿಸಿ ಬಂದು ವ್ಯಾನಿನಲ್ಲೇ ಕೂತಿರುತ್ತಿದ್ದರು, ಒಳಗೆ ಬರುತ್ತಿರಲಿಲ್ಲ. ಮೂರನೇ ದಿನ ಅದೇ ನರ್ಸ್ ಮೇಡಂ ಮನೆಗೇ ಬಂದರು. ಅಳುತ್ತಿದ್ದವಳನ್ನು ಸಮಾಧಾನ ಏನೂ ಮಾಡಲಿಲ್ಲ. "ಯಾವುದು ಅಂತ ಕೇಳಿದ್ಯಾ?" ಅಂದರು. ಯಾವುದು ಅಂದ್ರೆ? "ಬ್ಲಡ್ ಕ್ಯಾನ್ಸರ್ ಅನ್ನೋದು ಒಂದು ಕಾಯಿಲೆ ಅಲ್ಲ ಕಣೇ. ಬಟ್ಟೆ ಕೊಡಿ ಅಂದ್ರೆ ಅಂಗಡಿಯವನು ಏನು ಕೊಡ್ತಾನೆ? ಯಾವ ಬಟ್ಟೆ ಅಂತ ಕೇಳಲ್ವಾ? ಹೋಗಿ ಯಾವುದು ಅಂತ ಕೇಳ್ಕೊಂಡು ಬಾ. ಅಳೋದು ಆಮೇಲೆ."

ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋದೆವು. ಮಾರ್ಕೆಟ್ಟಿಗೆ ಒಂದು ಬಸ್ಸು, ಅಲ್ಲಿಂದ ಹೊಸೂರು ರಸ್ತೆ ಕಡೆ ಇನ್ನೊಂದು. ನಿಮ್ಹಾನ್ಸ್ ಹತ್ತಿರ ಇಳಿದರೆ ಆಯಿತು. ಮೊದಲ ದಿನ ಬೇಕಾಗಿದ್ದು ಬಿಪಿಎಲ್ ಕಾರ್ಡು, ಆಧಾರ್, ಎರಡರದೂ ನಾಲ್ಕು ನಾಲ್ಕು ಜೆರಾಕ್ಸು, ಹಳೇ ರಿಪೋರ್ಟು, ಒಂದು ಬಾಟಲಿ ನೀರು, ಚಿತ್ರಾನ್ನದ ಡಬ್ಬಿ. ಆಯುಷ್ಮಾನ್ ಕಾರ್ಡಿನಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಆದರೆ ಯಾವ ಪರೀಕ್ಷೆ ಅದರಲ್ಲಿ ಬರುತ್ತೆ, ಯಾವುದಕ್ಕೆ ಕೈಯಿಂದ ಕಟ್ಟಬೇಕು ಅಂತ ಕೌಂಟರಿನಲ್ಲಿ ಮೊದಲೇ ಕೇಳಿಕೊಳ್ಳಿ. ನಾಚಿಕೆ ಬೇಡ.

ಅಲ್ಲಿ ನನ್ನನ್ನು ನೋಡಿದ್ದು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಮಲಗಿಸಿ ಹೊಟ್ಟೆ ಮುಟ್ಟಿ, ಪೆನ್ನಿನಲ್ಲಿ ಹೊಟ್ಟೆ ಮೇಲೆ ಒಂದು ಗೆರೆ ಎಳೆದು, ಪಕ್ಕೆಲುಬಿನಿಂದ ಆ ಗೆರೆಗೆ ಟೇಪು ಹಿಡಿದು ಅಳೆದರು. ನನಗೆ ಆಗ ಮೊದಲ ಸಲ ಧೈರ್ಯ ಬಂತು. ಅಳೆದು ಬರೆದುಕೊಳ್ಳುವವರನ್ನು ಕಂಡರೆ ನನಗೆ ನಂಬಿಕೆ. ಒಂಬತ್ತು ಸೆಂಟಿಮೀಟರ್. ಅದು ಗುಲ್ಮ, ಸ್ಪ್ಲೀನ್ ಅಂತಾರೆ. ಆರೋಗ್ಯವಾಗಿದ್ದಾಗ ಪಕ್ಕೆಲುಬಿನ ಮರೆಯಲ್ಲಿ ಮುಷ್ಟಿಯಷ್ಟು ಇರುತ್ತೆ, ಕೈಗೆ ಸಿಗೋದೇ ಇಲ್ಲ. ನನ್ನದು ಜಾಸ್ತಿಯಾದ ಬಿಳಿ ಕಣಗಳನ್ನೆಲ್ಲ ತುಂಬಿಕೊಂಡು ಊದಿ, ಹೊಟ್ಟೆಯನ್ನು ಒತ್ತಿ, ಲಾಡಿಯನ್ನು ಬಿಗಿ ಮಾಡಿತ್ತು. ಅರ್ಧ ಮುದ್ದೆಗೇ ಸಾಕಾಗುತ್ತಿದ್ದದ್ದೂ ಅದಕ್ಕೇ.

"ಯಾವುದು ಡಾಕ್ಟ್ರೇ?" ಅಂದೆ, ಹೇಳಿಕೊಟ್ಟ ಹಾಗೆ.

ಅವರು ಚೀಟಿ ತಿರುಗಿಸಿ ಹಿಂಬದಿಯಲ್ಲಿ ಒಂದು ಕೂಡಿಸುವ ಗುರುತು ಹಾಕಿದರು. ನಾಲ್ಕು ಮನೆಯಾಯಿತು. ಆ ಚೀಟಿ ಈಗಲೂ ನನ್ನ ಅಳತೆ ಪುಸ್ತಕದಲ್ಲಿದೆ. ಮೇಲಿನ ಎರಡು ಮನೆ ಬೇಗ ಓಡೋದು, ಅಕ್ಯೂಟ್. ಕೆಳಗಿನ ಎರಡು ನಿಧಾನಕ್ಕೆ ನಡೆಯೋದು, ಕ್ರಾನಿಕ್. ಎಡಗಡೆ ಲಿಂಫಾಯ್ಡ್, ಬಲಗಡೆ ಮೈಲಾಯ್ಡ್. ಇವು ಬಿಳಿ ಕಣಗಳ ಎರಡು ವಂಶ. ರಕ್ತ ತಯಾರಾಗುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಅಲ್ಲಿ ಒಂದು ತಾಯಿ ಕಣ ಕೆಟ್ಟರೆ ಅದರ ಸಂತಾನವೆಲ್ಲ ಕೆಟ್ಟದ್ದೇ, ಮತ್ತೆ ಸಾಕು ಅಂದರೂ ನಿಲ್ಲಿಸುವುದಿಲ್ಲ. ಅಕ್ಯೂಟಿನಲ್ಲಿ ಹುಟ್ಟುವ ಕಣ ಬೆಳೆಯೋದೇ ಇಲ್ಲ. ತೋಳು ಇಲ್ಲ, ಕತ್ತು ಇಲ್ಲ, ಬರೀ ಕತ್ತರಿಸಿದ ಪೀಸು. ಅದರ ಹೆಸರು ಬ್ಲಾಸ್ಟ್. ಅವೇ ಮಜ್ಜೆ ತುಂಬಿಕೊಂಡರೆ ಕೆಂಪು ಕಣಕ್ಕೆ ಜಾಗ ಇಲ್ಲ, ಸುಸ್ತು. ಪ್ಲೇಟ್‌ಲೆಟ್‌ಗೆ ಜಾಗ ಇಲ್ಲ, ವಸಡಿನಲ್ಲಿ ರಕ್ತ, ಮೈ ಮೇಲೆ ಕಾರಣವಿಲ್ಲದೆ ನೀಲಿ ಕಲೆ. ಕೆಲಸ ಮಾಡುವ ಬಿಳಿ ಕಣವೂ ಇಲ್ಲ, ಅದಕ್ಕೇ ಜ್ವರ ಮೇಲೆ ಜ್ವರ. ದಿನ, ವಾರದ ಲೆಕ್ಕದಲ್ಲಿ ಜೋರಾಗುತ್ತೆ. ಕ್ರಾನಿಕ್ಕಿನಲ್ಲಿ ಕಣಗಳು ಬೆಳೆಯುತ್ತವೆ, ಒಂದಷ್ಟು ಕೆಲಸವೂ ಮಾಡುತ್ತವೆ, ಆದರೆ ಲೆಕ್ಕ ತಪ್ಪಿ ರಾಶಿ ಬೀಳುತ್ತವೆ. ವರ್ಷಗಟ್ಟಲೆ ಗೊತ್ತೇ ಆಗದೆ ಇರಬಹುದು.

"ನಿಮ್ಮದು ಇದು ಅನ್ಸುತ್ತೆ" ಅಂತ ಬಲಗಡೆ ಕೆಳಗಿನ ಮನೆ ಮೇಲೆ ಪೆನ್ನಿಟ್ಟರು. ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ. ಸಿಎಂಎಲ್. "ಆದ್ರೆ ಅನ್ಸುತ್ತೆ ಅನ್ನೋದರ ಮೇಲೆ ಔಷಧಿ ಕೊಡೋಕಾಗಲ್ಲ ಅಮ್ಮ. ಬೋನ್ ಮ್ಯಾರೋ ಮಾಡಬೇಕು, ಜೀನ್ ಪರೀಕ್ಷೆ ಮಾಡಬೇಕು."

ಬೋನ್ ಮ್ಯಾರೋ ಬಗ್ಗೆ ಜನ ಬಹಳ ಹೆದರಿಸುತ್ತಾರೆ. ಬೆನ್ನುಹುರಿಗೆ ಸೂಜಿ ಹಾಕ್ತಾರೆ, ಕಾಲು ಬಿದ್ದುಹೋಗುತ್ತೆ ಅಂತ. ಸುಳ್ಳು. ಸೂಜಿ ಹೋಗೋದು ಸೊಂಟದ ಹಿಂಭಾಗದ ಮೂಳೆಗೆ, ಲಂಗದ ಪಟ್ಟಿ ಕೂರುವ ಜಾಗದ ಸ್ವಲ್ಪ ಕೆಳಗೆ. ಬೆನ್ನುಹುರಿಗೂ ಅದಕ್ಕೂ ಸಂಬಂಧ ಇಲ್ಲ. ಒಂದು ಮಗ್ಗುಲಿಗೆ ಮಂಡಿ ಮಡಚಿ ಮಲಗಿಸಿದರು. ಮರಗಟ್ಟಿಸುವ ಇಂಜೆಕ್ಷನ್ನು ಇರುವೆ ಕಚ್ಚಿದ ಹಾಗೆ. ಆಮೇಲೆ ದಪ್ಪ ಸೂಜಿಯನ್ನು ತಿರುಗಿಸಿ ತಿರುಗಿಸಿ ಇಳಿಸುವಾಗ ನೋವಿಲ್ಲ, ಬರೀ ಒತ್ತಡ. ಸಿರಿಂಜಿನಲ್ಲಿ ಮಜ್ಜೆ ಎಳೆದಾಗ ಮಾತ್ರ ತೊಡೆಯೊಳಗಿಂದ ಯಾರೋ ಎಲಾಸ್ಟಿಕ್ ಜಗ್ಗಿ ಬಿಟ್ಟ ಹಾಗೆ ಆಯಿತು. ನಾಲ್ಕೈದು ಸೆಕೆಂಡು. "ಅಯ್ಯೋ ಮಾರಾಯ್ರೆ" ಅಂದೆ, ಅಷ್ಟೇ. ಪಕ್ಕದಲ್ಲೇ ಒಬ್ಬರು ಗಾಜಿನ ಮೇಲೆ ಹನಿ ಹನಿ ಬಿಟ್ಟು ಸವರುತ್ತಿದ್ದರು. ಪಟ್ಟಿ ಬಿಗಿದು ಅರ್ಧ ಗಂಟೆ ಮಲಗಿಸಿ, ನಾಳೆವರೆಗೆ ನೀರು ತಾಗಿಸಬೇಡಿ ಅಂದು ಕಳಿಸಿದರು. ಎರಡು ದಿನ ಕುರ್ಚಿ ಮೇಲೆ ಓರೆಯಾಗಿ ಕೂತೆ.

ಜೀನ್ ಪರೀಕ್ಷೆಯ ರಿಪೋರ್ಟಿಗೆ ಹತ್ತು ದಿನ. ಅಷ್ಟರವರೆಗೆ ಕಣಗಳನ್ನು ಇಳಿಸೋಕೆ ಹೈಡ್ರಾಕ್ಸಿಯೂರಿಯಾ ಕ್ಯಾಪ್ಸೂಲು, ಸಾಯುವ ಕಣಗಳ ಕಸ ಕಿಡ್ನಿಗೆ ತೊಂದರೆ ಕೊಡದಿರಲಿ ಅಂತ ಇನ್ನೊಂದು ಮಾತ್ರೆ, ದಿನಕ್ಕೆ ಮೂರು ಲೀಟರ್ ನೀರು. ಮಧ್ಯೆ ಮಧ್ಯೆ ರಕ್ತ ಪರೀಕ್ಷೆಗೆ ಹೋಗಿ ಬೆಂಚಿನ ಮೇಲೆ ಕಾಯುವುದು. ನಾನು ಕಲಿತಿದ್ದರಲ್ಲಿ ಅರ್ಧ ಆ ಬೆಂಚಿನ ಮೇಲೆ.

ಕೊಪ್ಪಳದ ಕಡೆಯ ಒಬ್ಬ ಅಕ್ಕ ಇದ್ದರು, ನನಗಿಂತ ಚಿಕ್ಕವರೇ, ಆದರೂ ಅಕ್ಕಾ ಅಂತಲೇ ಇಬ್ಬರೂ ಕರೆದುಕೊಂಡೆವು. ಐದು ವರ್ಷದ ಮಗಳು ಮಡಿಲಲ್ಲಿ, ತಲೆಗೆ ಟೋಪಿ. "ಮೊದ್ಲ ಕಾಲ್ ನೋವು ಅಂತಿದ್ಳ್ರೀ. ಸಾಲೀಗೆ ಹೋಗಾಕ ನೆವ ಮಾಡ್ತಾಳ ಅಂತ ಎರಡ ಏಟ ಹಾಕೀನ್ರಿ" ಅಂತ ಹೇಳಿ ಕಣ್ಣು ಒರೆಸಿಕೊಂಡರು. ಆಮೇಲೆ ಜ್ವರ, ಆಮೇಲೆ ಹಲ್ಲುಜ್ಜಿದರೆ ರಕ್ತ. ಆ ಮಗುವಿನದು ಚೀಟಿಯ ಎಡಗಡೆ ಮೇಲಿನ ಮನೆ. ಅಕ್ಯೂಟ್ ಲಿಂಫೋಬ್ಲಾಸ್ಟಿಕ್, ಎಎಲ್‌ಎಲ್. ಮಕ್ಕಳಿಗೆ ಬರುವ ಕ್ಯಾನ್ಸರುಗಳಲ್ಲಿ ಇದೇ ಜಾಸ್ತಿ. ಎರಡರಿಂದ ಐದು ವರ್ಷದ ಮಕ್ಕಳಲ್ಲಿ ಹೆಚ್ಚು ಕಾಣುತ್ತೆ. ಚಿಕಿತ್ಸೆ ಎರಡು, ಎರಡೂವರೆ ವರ್ಷ ಎಳೆಯುತ್ತೆ. ಆದರೆ ಪೂರ್ತಿ ಮಾಡಿದರೆ ಹೆಚ್ಚಿನ ಮಕ್ಕಳು ವಾಸಿಯಾಗುತ್ತಾರೆ. ಮೇಲಿನ ಮನೆ ಅಂದ ಮಾತ್ರಕ್ಕೆ ಮುಗಿಯಿತು ಅಂತಲ್ಲ.

ತುಮಕೂರಿನ ರಿಟೈರ್ಡ್ ಮೇಷ್ಟ್ರು ಒಬ್ಬರು. ಎಪ್ಪತ್ತರ ಮೇಲೆ. ಅವರದು ಎಡಗಡೆ ಕೆಳಗಿನ ಮನೆ, ಕ್ರಾನಿಕ್ ಲಿಂಫೋಸೈಟಿಕ್, ಸಿಎಲ್‌ಎಲ್. ವಯಸ್ಸಾದವರ ಕಾಯಿಲೆ, ನಮ್ಮ ದೇಶದಲ್ಲಿ ಪಾಶ್ಚಾತ್ಯರಷ್ಟು ಕಾಣೋದಿಲ್ಲ. ಕಣ್ಣಿನ ಪೊರೆ ಆಪರೇಷನ್ನಿಗೆ ಅಂತ ರಕ್ತ ಕೊಟ್ಟಾಗ ಸಿಕ್ಕಿಬಿದ್ದಿದ್ದು. ಎರಡು ವರ್ಷದಿಂದ ಒಂದು ಮಾತ್ರೆಯೂ ಇಲ್ಲ. "ಕ್ಯಾನ್ಸರ್ ಇದೆ ಅಂತಾರೆ, ಔಷಧಿ ಬೇಡ ಅಂತಾರೆ. ಮೂರು ತಿಂಗಳಿಗೊಂದು ಸಲ ಬಂದು ಮುಖ ತೋರಿಸಿ ಹೋಗಿ ಅಂತಾರೆ. ಇದೆಂಥಾ ಡಿಪಾರ್ಟ್‌ಮೆಂಟಮ್ಮಾ?" ಅವರಿಗೆ ಅದೇ ಸರಿಯಾದ ಚಿಕಿತ್ಸೆ. ತೊಂದರೆ ಕೊಡದೆ ಇದ್ದಾಗ ಸುಮ್ನೆ ಕೆಣಕಬಾರದು, ಕಣ್ಣಿಟ್ಟಿರಬೇಕು. ಆದರೂ ಮೇಷ್ಟ್ರಿಗೆ ಯಾವುದೋ ಟಾನಿಕ್ಕಾದರೂ ಬರೆದುಕೊಡಬಾರದಾ ಅನ್ನುವ ಕೊರಗು.

ನಾಲ್ಕನೇ ಮನೆಯವನನ್ನು ನಾನು ನೋಡಲಿಲ್ಲ, ಅವನ ಅಣ್ಣನನ್ನು ನೋಡಿದೆ. ಕನಕಪುರದ ಕಡೆಯವರು. ತಮ್ಮನಿಗೆ ಇಪ್ಪತ್ತಾರು. ಇಪ್ಪತ್ತು ದಿನದ ಹಿಂದೆ ರೇಷ್ಮೆ ಗೂಡು ಹೊತ್ತುಕೊಂಡು ಸಂತೆಗೆ ಹೋಗಿದ್ದ ಹುಡುಗ. ಜ್ವರ ಬಂತು, ಕಾಲ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಕೆಂಪು ಚುಕ್ಕೆ ಎದ್ದವು, ಮೂಗಿನಲ್ಲಿ ರಕ್ತ ನಿಲ್ಲಲಿಲ್ಲ. ಬಲಗಡೆ ಮೇಲಿನ ಮನೆ, ಅಕ್ಯೂಟ್ ಮೈಲಾಯ್ಡ್. ಎಎಂಎಲ್. ಅಣ್ಣ ಎರಡು ಫೋನ್ ಹಿಡಿದುಕೊಂಡು ಪ್ಲೇಟ್‌ಲೆಟ್ ಕೊಡುವವರನ್ನು ಹುಡುಕುತ್ತಿದ್ದ. ಪ್ಲೇಟ್‌ಲೆಟ್ ಐದು ದಿನಕ್ಕಿಂತ ಜಾಸ್ತಿ ಇಡೋಕಾಗಲ್ಲ, ಹಾಗಾಗಿ ದಿನವೂ ಹೊಸ ದಾನಿ ಬೇಕು. ನನ್ನ ಪಕ್ಕ ಕೂತು, "ಅಕ್ಕ, ನಿಮ್ಮನೇಲಿ ಯಾರಾದ್ರೂ ಹುಡುಗ್ರು ಇದ್ದಾರಾ?" ಅಂತ ಕೇಳಿದ. ಮೈದುನನನ್ನು ಕಳಿಸಿದೆ. ಆಮೇಲಿನ ವಾರ ಹೋದಾಗ ಆ ಅಣ್ಣ ಬೆಂಚಿನ ಮೇಲೆ ಇರಲಿಲ್ಲ. ಯಾರನ್ನೂ ಕೇಳಲಿಲ್ಲ.

ಆ ಹತ್ತು ದಿನ ಮನೆಗೆ ಬಂದವರಿಗೆಲ್ಲ ಒಂದೊಂದು ಕಾರಣ ಗೊತ್ತಿತ್ತು. ಮೊಬೈಲ್ ಟವರ್ ಅಂದರು ಒಬ್ಬರು. ಪ್ಲಾಸ್ಟಿಕ್ ಲೋಟದ ಕಾಫಿ ಅಂದರು ಇನ್ನೊಬ್ಬರು. ನಮ್ಮ ಚಿಕ್ಕತ್ತೆ ಸರ್ಪದೋಷ ಅಂತ ತೀರ್ಮಾನ ಮಾಡಿ ಕುಕ್ಕೆಯಲ್ಲಿ ಆಶ್ಲೇಷಾ ಬಲಿಗೆ ಹೇಳಿಯೂ ಆಯಿತು. ನನಗೆ ನನ್ನದೇ ಅನುಮಾನ. ಇಪ್ಪತ್ತು ವರ್ಷ ಹೊಸ ಬಟ್ಟೆಯ ವಾಸನೆ, ಬಣ್ಣ, ಗಂಜಿಯ ಧೂಳು ಕುಡಿದಿದ್ದೀನಲ್ಲ. ಡಾಕ್ಟರಮ್ಮನನ್ನು ಕೇಳಿಯೇಬಿಟ್ಟೆ. ಅವರು ಹೇಳಿದ್ದು ಇಷ್ಟು. ಬೆಂಜೀನ್ ಅನ್ನೋ ರಾಸಾಯನಿಕದ ಹೊಗೆ, ಆವಿ ವರ್ಷಗಟ್ಟಲೆ ಕುಡಿದವರಲ್ಲಿ ಲ್ಯುಕೇಮಿಯಾ ಜಾಸ್ತಿ, ಅದರಲ್ಲೂ ಎಎಂಎಲ್. ಸಿಗರೇಟಿನ ಹೊಗೆಯಲ್ಲೂ ಅದಿದೆ. ಬೇರೆ ಕ್ಯಾನ್ಸರಿಗೆ ಹಿಂದೆ ಕೀಮೋ, ರೇಡಿಯೇಷನ್ ತಗೊಂಡವರಲ್ಲಿ ಸ್ವಲ್ಪ ಮಂದಿಗೆ ಬರಬಹುದು. ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ಅಪಾಯ ಹೆಚ್ಚು. ಸಿಎಂಎಲ್‌ಗೆ ಖಚಿತವಾಗಿ ಗೊತ್ತಿರುವ ಕಾರಣ ಒಂದೇ, ಭಾರೀ ಪ್ರಮಾಣದ ವಿಕಿರಣ. ಹಿರೋಷಿಮಾ, ನಾಗಸಾಕಿಯಲ್ಲಿ ಬದುಕಿ ಉಳಿದವರಲ್ಲಿ ಅದನ್ನು ಕಂಡರು. "ನೀವು ಹಿರೋಷಿಮಾದಲ್ಲಿ ಇರಲಿಲ್ಲ ಅಲ್ವಾ? ಹಾಗಾದ್ರೆ ನಿಮಗೆ ಯಾಕೆ ಬಂತು ಅಂತ ನನಗೂ ಹೇಳೋಕಾಗಲ್ಲ ಅಮ್ಮ. ಹೆಚ್ಚಿನವರಿಗೆ ಕಾರಣ ಸಿಗಲ್ಲ. ನೀವು ಮಾಡಿದ ತಪ್ಪು ಏನೂ ಇಲ್ಲ." ಅಂಟುವುದಿಲ್ಲ. ಮಗಳಿಗೂ ಹೋಗುವುದಿಲ್ಲ, ಯಾಕಂದರೆ ಆ ಕೆಡುಕು ಆಗಿರೋದು ನನ್ನ ಮಜ್ಜೆಯ ಒಂದು ಕಣದಲ್ಲಿ, ಅದೂ ನಾನು ಹುಟ್ಟಿದ ಎಷ್ಟೋ ವರ್ಷದ ಮೇಲೆ. ಇದನ್ನು ನಾನು ಮನೆಗೆ ಬಂದು ಅತ್ತೆ ಎದುರಿಗೆ ಎರಡು ಸಲ ಗಟ್ಟಿಯಾಗಿ ಹೇಳಿದೆ.

ಕುಕ್ಕೆಗೂ ಹೋಗಿ ಬಂದೆ. ಮಾತ್ರೆ ಡಬ್ಬಿ ಬ್ಯಾಗಿನಲ್ಲಿತ್ತು.

ರಿಪೋರ್ಟು ಬಂತು. ಬಿಸಿಆರ್-ಎಬಿಎಲ್ ಪಾಸಿಟಿವ್. ಫಿಲಡೆಲ್ಫಿಯಾ ಕ್ರೋಮೋಸೋಮ್ ಅಂತಾರೆ ಇದನ್ನು. ಕ್ರೋಮೋಸೋಮ್ ಅಂದರೆ ಕಣದೊಳಗೆ ಜೀನುಗಳನ್ನು ಹೊತ್ತ ದಾರದಂಥದ್ದು. 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ನೋವೆಲ್, ಹಂಗರ್‌ಫೋರ್ಡ್ ಅನ್ನುವ ಇಬ್ಬರು ಸಿಎಂಎಲ್ ರೋಗಿಗಳ ಕಣದಲ್ಲಿ ಒಂದು ಕ್ರೋಮೋಸೋಮ್ ಗಿಡ್ಡ ಇರೋದನ್ನು ಕಂಡರು. ಯಾಕೆ ಗಿಡ್ಡ ಅಂತ ಹೇಳಿದ್ದು ಶಿಕಾಗೋದ ಜಾನೆಟ್ ರೌಲಿ, 1973ರಲ್ಲಿ. ಕಿದ್ವಾಯಿ ಶುರುವಾಗಿದ್ದೂ ಅದೇ ವರ್ಷ, ನೋಡಿ. ಆಕೆ ಮನೆಯ ಊಟದ ಮೇಜಿನ ಮೇಲೆ ಕ್ರೋಮೋಸೋಮುಗಳ ಫೋಟೋಗಳನ್ನು ಕತ್ತರಿಯಿಂದ ಕತ್ತರಿಸಿ, ಜೋಡಿಸಿ ನೋಡುತ್ತಿದ್ದರಂತೆ. ಇದನ್ನು ಮಗಳು ಓದಿ ಹೇಳಿದಾಗ ನನಗೆ ಆ ಹೆಂಗಸಿನ ಮೇಲೆ ಏನೋ ಸಲುಗೆ ಬಂದುಬಿಟ್ಟಿತು. ಒಂಬತ್ತನೇ ಕ್ರೋಮೋಸೋಮಿನ ತುದಿ ಹರಿದು ಇಪ್ಪತ್ತೆರಡನೆಯದಕ್ಕೆ ಸೇರಿದೆ, ಅದರದು ಇದಕ್ಕೆ ಬಂದಿದೆ. ಒಬ್ಬರ ಬ್ಲೌಸಿನ ತೋಳು ಇನ್ನೊಬ್ಬರ ಬ್ಲೌಸಿಗೆ ಹೊಲಿದ ಹಾಗೆ. ಹಬ್ಬದ ಗಲಾಟೆಯಲ್ಲಿ ನಾನೇ ಎಷ್ಟು ಸಲ ಮಾಡಿದ್ದೀನೋ. ನಾವಾದರೆ ಬಿಚ್ಚಿ ಹೊಲಿಯುತ್ತೇವೆ. ಕಣದೊಳಗೆ ಬಿಚ್ಚೋಕಾಗಲ್ಲ. ಆ ತಪ್ಪು ಹೊಲಿಗೆಯ ಜೀನೇ ಬಿಸಿಆರ್-ಎಬಿಎಲ್, ಅದರಿಂದ ಒಂದು ಹೊಸ ಪ್ರೋಟೀನ್ ಹುಟ್ಟುತ್ತೆ. ಕಣ ಹುಟ್ಟಿಸು, ಇನ್ನೂ ಹುಟ್ಟಿಸು ಅಂತ ಹಗಲು ರಾತ್ರಿ ಹೇಳುತ್ತಲೇ ಇರುತ್ತೆ. ಮೋಟಾರ್ ಮಿಷನ್ನಿನ ಪೆಡಲ್ ಒತ್ತಿದ್ದು ಒತ್ತಿದ ಹಾಗೇ ಸಿಕ್ಕಿಹಾಕಿಕೊಂಡರೆ ಹೇಗೆ, ಹಾಗೆ.

ಆ ಪೆಡಲಿನ ಕೆಳಗೆ ತುರುಕುವ ಬೆಣೆಯೇ ಇಮ್ಯಾಟಿನಿಬ್ ಮಾತ್ರೆ. 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು. ಅದಕ್ಕೆ ಮುಂಚೆ ಈ ಕಾಯಿಲೆ ನಾಲ್ಕೈದು ವರ್ಷ ಹೀಗೆ ನಿಧಾನಕ್ಕೆ ನಡೆದು, ಆಮೇಲೆ ಏಕಾಏಕಿ ಅಕ್ಯೂಟ್ ಥರ ತಿರುಗಿಬೀಳುತ್ತಿತ್ತು. ಈಗಲೂ ಬಿಟ್ಟರೆ ಅದೇ ಗತಿ. ನನಗೆ ದಿನಕ್ಕೊಂದು 400 ಮಿಲಿಗ್ರಾಂ ಮಾತ್ರೆ, ಊಟ ಆದಮೇಲೆ, ದೊಡ್ಡ ಲೋಟ ನೀರಿನ ಜೊತೆ. ಕೂದಲು ಉದುರುವ ಕೀಮೋ ಇಲ್ಲ, ಅಡ್ಮಿಟ್ ಇಲ್ಲ. "ಅಷ್ಟೇನಾ?" ಅಂದೆ. "ಅಷ್ಟೇ. ಆದ್ರೆ ಒಂದು ದಿನವೂ ತಪ್ಪಿಸಬಾರದು" ಅಂದರು.

ಇದರ ಬೆಲೆಗೂ ಒಂದು ಕಥೆ ಇದೆ. ನೊವಾರ್ಟಿಸ್ ಕಂಪನಿಯ ಗ್ಲಿವೆಕ್ ಹೆಸರಿನ ಇದೇ ಔಷಧಿಗೆ ತಿಂಗಳಿಗೆ ಸುಮಾರು 1 ಲಕ್ಷ 20 ಸಾವಿರ ಇತ್ತಂತೆ. ನಮ್ಮ ದೇಶದ ಕಂಪನಿಗಳದ್ದು ಆಗ ಸುಮಾರು 8 ಸಾವಿರ. ಪೇಟೆಂಟ್ ತಮಗೇ ಬೇಕು ಅಂತ ಕಂಪನಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2013ರ ಏಪ್ರಿಲ್ 1ರಂದು ಕೋರ್ಟು ಆಗಲ್ಲ ಅಂದಿತು. ಆ ದಿನ ಪೇಪರಿನಲ್ಲಿ ಬಂದಿದ್ದರೆ ನಾನು ಅದರ ಮೇಲೆ ಬಟ್ಟೆಯ ನಮೂನೆ ಕತ್ತರಿಸಿರುತ್ತೇನೆ, ಓದಿರುವುದಿಲ್ಲ.

ಮಾತ್ರೆ ಶುರುವಾದ ಮೂರನೇ ವಾರಕ್ಕೆ ಲಾಡಿ ಸಡಿಲವಾಯಿತು. ಟೇಪಿನಲ್ಲಿ ದಿನಾ ಅಳೆದು ಪುಸ್ತಕದ ಕೊನೇ ಹಾಳೆಯಲ್ಲಿ ಬರೆಯುತ್ತಿದ್ದೆ, ಡಾಕ್ಟರಮ್ಮ ಅದನ್ನು ನೋಡಿ ನಕ್ಕು ಪಕ್ಕದವರಿಗೂ ತೋರಿಸಿದರು. ಎರಡೂವರೆ ತಿಂಗಳಿಗೆ ಬಿಳಿ ಕಣ 6,400. ಕಷ್ಟವೇ ಇರಲಿಲ್ಲ ಅಂತಲ್ಲ. ಬೆಳಿಗ್ಗೆ ಎದ್ದರೆ ಕಣ್ಣಿನ ಸುತ್ತ ಊತ, ಸೂಜಿಗೆ ದಾರ ಪೋಣಿಸೋಕೆ ಹತ್ತು ಗಂಟೆಯಾಗಬೇಕು. ರಾತ್ರಿ ಮೀನಖಂಡ ಹಿಡಿದುಕೊಂಡು ಕೂಗುವಂತಾಗುತ್ತಿತ್ತು. ಮೊದಲ ತಿಂಗಳು ವಾಕರಿಕೆ. ಮತ್ತೆ ಒಂದು ತಮಾಷೆ ಕೇಳಿ. ಈ ಮಾತ್ರೆ ಚರ್ಮದ ಬಣ್ಣ ತಿಳಿ ಮಾಡುತ್ತೆ. ನಾನು ಕಪ್ಪು. ಆರು ತಿಂಗಳಿಗೆ ಬೆಳ್ಳಗಾಗಿಬಿಟ್ಟೆ. ವಿಷಯ ಗೊತ್ತಿಲ್ಲದ ಗಿರಾಕಿಗಳು, "ಯಾವ ಕ್ರೀಮ್ ಹಚ್ಚುತ್ತೀರಾ, ನಮಗೂ ಹೇಳ್ರೀ" ಅಂತ ಪೀಡಿಸೋರು. ಹೊಟ್ಟೆಯೊಳಗಿಂದ ಹಚ್ಚಿಕೊಳ್ಳೋದು ಅಂದೆ ಒಬ್ಬರಿಗೆ.

ಗ್ರೇಪ್‌ಫ್ರೂಟ್ ತಿನ್ನಬಾರದು ಅಂತ ಔಷಧಿ ಚೀಟಿಯಲ್ಲಿದೆ, ಅದರ ನೆಂಟ ಚಕ್ಕೋತವೂ ಬೇಡ ಅಂದರು. ದೇವನಹಳ್ಳಿ ಚಕ್ಕೋತ ಅಂದರೆ ನಮ್ಮನೆಯಲ್ಲಿ ಜಗಳವಾಗುತ್ತಿತ್ತು, ಈಗ ನನ್ನ ಪಾಲು ಮಗಳಿಗೆ. ಇನ್ನೊಂದು, ನಿತ್ಯಪುಷ್ಪ. ಅತ್ತಿಗೆ ಒಂದು ಚೀಲ ಸೊಪ್ಪು ತಂದು, "ಇದರಿಂದಲೇ ಕ್ಯಾನ್ಸರ್ ಔಷಧಿ ಮಾಡ್ತಾರಂತೆ, ಕಷಾಯ ಮಾಡಿ ಕುಡಿ" ಅಂದರು. ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಕೊಪ್ಪಳದ ಆ ಮಗುವಿಗೆ ಕೊಡುತ್ತಿದ್ದ ವಿನ್‌ಕ್ರಿಸ್ಟಿನ್ ಇಂಜೆಕ್ಷನ್ ಆ ಗಿಡದಿಂದಲೇ ಬರೋದು. ಆದರೆ ಅದು ಎಡಗಡೆ ಮೇಲಿನ ಮನೆಗೆ, ಅದೂ ಮಿಲಿಗ್ರಾಂ ಲೆಕ್ಕದಲ್ಲಿ ರಕ್ತನಾಳಕ್ಕೆ. ನನ್ನದು ಬಲಗಡೆ ಕೆಳಗಿನ ಮನೆ. ಸೊಪ್ಪಿನ ಕಷಾಯ ಯಾವ ಮನೆಗೂ ಅಲ್ಲ, ಅದು ವಿಷ. ಚೀಟಿ ತೆಗೆದು ಅತ್ತಿಗೆಗೆ ತೋರಿಸಿದೆ. ಅವರಿಗೆ ಬೇಜಾರಾಯಿತು. ಸೊಪ್ಪು ಕಸಕ್ಕೆ ಹಾಕೋಕೆ ಮನಸ್ಸು ಬಾರದೆ ಒಂದು ಕಡ್ಡಿ ಕುಂಡದಲ್ಲಿ ನೆಟ್ಟೆವು, ಚೆನ್ನಾಗಿ ಬಂದಿದೆ.

2020ರ ಲಾಕ್‌ಡೌನಿನಲ್ಲಿ ಹದಿನೆಂಟು ಮಾತ್ರೆ ಉಳಿದಿದ್ದಾಗ ಮನೆಯವರು ಆಸ್ಪತ್ರೆ ಪುಸ್ತಕ ಪೊಲೀಸರಿಗೆ ತೋರಿಸಿಕೊಂಡು ವ್ಯಾನಿನಲ್ಲಿ ಹೋಗಿ ತಂದರು. ಮಾಸ್ಕ್ ಹೊಲಿದು ಆ ತಿಂಗಳ ಖರ್ಚು ತೂಗಿಸಿದೆ.

ಈಗ ನನ್ನ ಲೆಕ್ಕ ಬೇರೆ ಥರ. ಬಿಳಿ ಕಣದ ಎಣಿಕೆ ಅಲ್ಲ, ಆ ತಪ್ಪು ಹೊಲಿಗೆಯ ಜೀನ್ ರಕ್ತದಲ್ಲಿ ಎಷ್ಟು ಉಳಿದಿದೆ ಅನ್ನೋದು. ಮೂರು ತಿಂಗಳಿಗೆ ಶೇಕಡಾ 10ಕ್ಕಿಂತ ಕೆಳಗೆ, ಆರು ತಿಂಗಳಿಗೆ 1ಕ್ಕಿಂತ, ವರ್ಷಕ್ಕೆ 0.1ಕ್ಕಿಂತ ಕೆಳಗೆ ಇಳಿಯಬೇಕು. ನನ್ನದು ವರ್ಷಕ್ಕೆ 0.3ರಲ್ಲಿ ನಿಂತಿತು. ಡಾಕ್ಟರಮ್ಮ ಕನ್ನಡಕ ತೆಗೆದು, "ಮಾತ್ರೆ ತಪ್ಪಿಸಿದ್ರಾ?" ಅಂದರು. ಇಲ್ಲ ಅಂತ ಹೇಳೋಕೆ ಬಾಯಿ ಬರಲಿಲ್ಲ. ನಾದಿನಿ ಮದುವೆಯ ವಾರ ವಾಕರಿಕೆಗೆ ಹೆದರಿ ಐದು ದಿನ ಬಿಟ್ಟಿದ್ದೆ, ಆಮೇಲೂ ಅಲ್ಲೊಂದು ಇಲ್ಲೊಂದು. ಹೀಗೆ ಬಿಡುತ್ತಾ ಹೋದರೆ ಮಾತ್ರೆಗೆ ಬಗ್ಗದ ಕಣ ತಲೆ ಎತ್ತಬಹುದು, ಆಗ ಡಾಸಾಟಿನಿಬ್, ನಿಲೋಟಿನಿಬ್ ಅಂತ ಮುಂದಿನದಕ್ಕೆ ಹೋಗಬೇಕಾಗುತ್ತೆ ಅಂದರು. ಗದರಲಿಲ್ಲ. ಗದರಿದ್ದರೇ ಚೆನ್ನಾಗಿತ್ತು. ಅವತ್ತಿನಿಂದ ರಾತ್ರಿ ಎಂಟೂವರೆಗೆ ಫೋನಿನಲ್ಲಿ ಅಲಾರಂ. ಮುಂದಿನ ಆರು ತಿಂಗಳಿಗೆ 0.06 ಬಂತು.

ಕೊಪ್ಪಳದ ಅಕ್ಕ ಆಗಾಗ ಫೋನ್ ಮಾಡುತ್ತಾರೆ. ಹುಡುಗಿಯ ಚಿಕಿತ್ಸೆ 2022ರಲ್ಲಿ ಮುಗಿಯಿತು, ಈಗ ವರ್ಷಕ್ಕೊಮ್ಮೆ ತೋರಿಸಿಕೊಂಡು ಹೋಗುತ್ತಾರೆ. ಕಳೆದ ಯುಗಾದಿಗೆ ಒಂದು ಇಳಕಲ್ ಸೀರೆ ಕಳಿಸಿ, ಮಗಳಿಗೆ ಲಂಗ ಹೊಲಿದುಕೊಡಿ ಅಂದರು. ಅಳತೆ ಫೋನಿನಲ್ಲೇ. ಸೊಂಟ ಹೇಳಿದರು, ಉದ್ದ ಹೇಳಿದರು. ಎರಡನೇ ಸಲ ಕೇಳಿದರೆ ಉದ್ದ ಬೇರೆ ಹೇಳಿದರು. "ನಿಲ್ಲಂಗಿಲ್ರೀ ಅಕಿ, ಅಳೀಲಿಕ್ಕೇ ಬಿಡವಲ್ಲಳು. ನೀವ ಸ್ವಲ್ಪ ಜಾಸ್ತಿ ಇಡ್ರಿ." ಒಳಗಡೆ ಮೂರು ಟಕ್ಸ್ ಹಿಡಿದು ಕಳಿಸಿದ್ದೀನಿ. ಬೆಳೆದ ಹಾಗೆ ಒಂದೊಂದೇ ಬಿಚ್ಚಿಕೊಳ್ಳಲಿ.